ಕರಡಿಗೆಯೊಳಗಿನ ಕಲ್ಲು

ಬೆಂಗಳೂರಿನ ಆ ಆಸ್ಪತ್ರೆಯ ಜಗಲಿಯಲ್ಲಿ ಒಂದು ಉದ್ದನೆಯ ಬೆಂಚು ಇತ್ತು. ಅದರ ಮೇಲೆ ನಾವು ಹನ್ನೊಂದು ದಿನ ಕೂತಿದ್ದೆವು: ಅಪ್ಪ, ಅವ್ವ, ನಾನು, ನಮ್ಮ ನಡುವೆ ನನ್ನ ತಂಗಿ ಚನ್ನಿ. ಅವಳಿಗೆ ಆಗ ಆರು ವರ್ಷ, ನನಗೆ ಹನ್ನೆರಡು. ನಾಲ್ಕು ತಿಂಗಳಿಂದ ಅವಳು ಒಂದು ಮಾತೂ ಆಡಿರಲಿಲ್ಲ. ತಾನಾಗಿ ಒಂದು ತುತ್ತೂ ತಿಂದಿರಲಿಲ್ಲ. ಯಾಕೆ ಎಂದು ಆ ಬೆಂಚಿನ ಮೇಲೆ ಕೂತವರಲ್ಲಿ ಇಬ್ಬರಿಗೆ ಗೊತ್ತಿತ್ತು. ಒಬ್ಬಳು ಮಾತು ಬಿಟ್ಟಿದ್ದಳು. ಇನ್ನೊಬ್ಬಳು ನಾನು.

ನಾನು ಓದಿದ್ದು ಮೂರನೇ ಕ್ಲಾಸು. ಬರೆಯುವ ಅಭ್ಯಾಸವಿಲ್ಲ. ಆದರೆ ಹೋದ ತಿಂಗಳು ಕೊರಟಗೆರೆಯಲ್ಲಿ, ನಾನು ಸೊಸೆಯಾಗಿ ಬಂದ ಈ ಮನೆಯಲ್ಲಿ, ನನ್ನ ಓರಗಿತ್ತಿಯ ಮಗ ಇದ್ದಕ್ಕಿದ್ದಂತೆ ರಾತ್ರಿ ಹಗಲು ನಡುಗತೊಡಗಿದ. ಅವನನ್ನು ಬೆಂಗಳೂರಿಗೆ ಕರೆದುಕೊಂಡು ಹೋಗಿ ಎಂದಾಗ ಅವಳು ನನ್ನ ಬಾಯಿ ಮುಚ್ಚಿದಳು. "ಹುಚ್ಚಾಸ್ಪತ್ರೆ ಅಂತ ಇನ್ನೊಂದ್ಸಲ ಅಂದ್ರೆ ನೋಡು ಅಕ್ಕ" ಎಂದಳು. ಅಲ್ಲಿ ಏನು ಮಾಡುತ್ತಾರೆ ಎಂದು ತಿಳಿಯದೆ ಹೆದರುತ್ತಾಳೆ. ತಿಳಿದವಳು ನಾನು. ಅದನ್ನು ಹೇಳಬೇಕಾದರೆ ನಾನು ಮಾಡಿದ್ದನ್ನೂ ಹೇಳಬೇಕು.

ನಮ್ಮೂರು ಮಿಡಿಗೇಶಿ. ಅಪ್ಪ ಹುಣಸೆಹಣ್ಣಿನ ವ್ಯಾಪಾರ ಮಾಡುತ್ತಿದ್ದರು. ನಮ್ಮ ಮನೆಗಳಲ್ಲಿ ಮಗು ಹುಟ್ಟಿದ ಕೆಲವೇ ದಿನಕ್ಕೆ ಲಿಂಗ ಕಟ್ಟುತ್ತಾರೆ. ಅದು ಬೆಳ್ಳಿಯ ಪುಟ್ಟ ಕರಡಿಗೆಯಲ್ಲಿ, ದಾರದಲ್ಲಿ, ಎದೆಯ ಮೇಲೆ ಇರಬೇಕು. ಬೆಳಿಗ್ಗೆ ಅದನ್ನು ಎಡ ಅಂಗೈಯಲ್ಲಿ ಇಟ್ಟುಕೊಂಡು ಪೂಜೆ ಮಾಡದೆ ಬಾಯಿಗೆ ಏನೂ ಹಾಕುವಂತಿಲ್ಲ. ಒಬ್ಬರ ಲಿಂಗವನ್ನು ಇನ್ನೊಬ್ಬರು ಮುಟ್ಟುವಂತಿಲ್ಲ, ಹೆತ್ತವ್ವನೂ ಕೂಡ. ಅದು ಕಳೆದುಹೋದರೆ? ಅಜ್ಜಿ ನಮ್ಮನ್ನು ಪಕ್ಕದಲ್ಲಿ ಕೂರಿಸಿಕೊಂಡು ತನ್ನ ಅತ್ತೆಯ ಕಥೆ ಹೇಳುತ್ತಿದ್ದಳು. ಆಕೆ ಹೊಳೆಯಲ್ಲಿ ಲಿಂಗ ಕಳೆದುಕೊಂಡು, ಸಿಗುವವರೆಗೂ ನೀರು ಸಹಾ ಮುಟ್ಟುವುದಿಲ್ಲ ಎಂದು ದಡದಲ್ಲೇ ಕೂತಳಂತೆ. ಸಿಕ್ಕಿತೋ ಇಲ್ಲವೋ ಅಜ್ಜಿ ಎಂದೂ ಹೇಳಲಿಲ್ಲ. ನಾನು ಆ ಕಥೆಯನ್ನು ಕೇಳಿ ಮರೆಯುತ್ತಿದ್ದೆ. ಚನ್ನಿ ಮರೆಯುತ್ತಿರಲಿಲ್ಲ.

ನನ್ನ ಕರಡಿಗೆಯ ಮುಚ್ಚಳ ಸಡಿಲವಾಗಿತ್ತು. ಮಧುಗಿರಿಗೆ ಕಳಿಸಿ ಸರಿ ಮಾಡಿಸೋಣ ಎಂದು ಅವ್ವ ಅನ್ನುತ್ತಲೇ ಇದ್ದಳು. ಒಂದು ದಿನ ಕೋಟೆ ಬೆಟ್ಟದ ಮೇಲೆ, ಬಂಡೆಯ ನಡುವೆ ಮಳೆನೀರು ನಿಲ್ಲುವ ದೊಣೆಯಲ್ಲಿ, ಮನೆಯವರ ಕಣ್ಣು ತಪ್ಪಿಸಿ ಈಜಾಡಿದೆ. ಮೇಲೆ ಬಂದು ನೋಡಿದರೆ ಕರಡಿಗೆ ಬಾಯಿ ಬಿಟ್ಟುಕೊಂಡು ಖಾಲಿ ತೂಗುತ್ತಿತ್ತು. ಮುಳುಗಿ ಮುಳುಗಿ ಹುಡುಕಿದೆ. ಕೈಗೆ ಸಿಕ್ಕಿದ್ದೆಲ್ಲ ಕೆಸರು.

ಮರುದಿನ ಬೆಳಿಗ್ಗೆ ಸಿರಾದಿಂದ ನನ್ನನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. ಅವರ ಮನೆಯ ಗುರುಗಳಾದ ಅಯ್ನೋರೂ ಜೊತೆಗೆ ಬರುತ್ತಿದ್ದರು. ಹುಡುಗಿ ಲಿಂಗಪೂಜೆ ಮಾಡುವುದನ್ನು ಅವರು ಎದುರಿಗೆ ಕೂತು ನೋಡುತ್ತಾರೆ ಎಂದು ಅಪ್ಪ ಎರಡು ಸಲ ಹೇಳಿದ್ದರು.

ಹಿತ್ತಿಲಲ್ಲಿ ಹುಣಸೆಹಣ್ಣು ಹರವಿದ್ದ ಕೊಟ್ಟಿಗೆ ಇತ್ತು. ಅಲ್ಲಿಗೆ ಚನ್ನಿಯನ್ನು ಕರೆದೆ.

"ನಿಂದು ಕೊಡೇ. ಎರಡು ದಿನಕ್ಕೆ. ಅಯ್ನೋರು ಹೋದ್ಮೇಲೆ ಕೊಟ್ಬುಡ್ತೀನಿ."

"ನಂಗೆ?"

"ನೀನು ಚಿಕ್ಕೋಳು. ನಿಂಗೆ ಇನ್ನೂ ದೀಕ್ಷೆ ಆಗಿಲ್ಲ. ನಿಂಗೆ ಯಾವುದಾದ್ರೂ ನಡೀತದೆ."

ಅವಳು ಯೋಚಿಸಿದಳು. "ಅಜ್ಜಿ ಅಂಗ್ ಹೇಳಿಲ್ಲ ಕಣಕ್ಕ."

"ಕೊಡ್ತೀಯೋ ಇಲ್ವೋ? ಕೊಡ್ದಿದ್ರೆ ನಾನು ಬಾವಿಗೆ ಬೀಳ್ತೀನಿ ಅಷ್ಟೆ."

ಕೊಟ್ಟಳು. ತಾನೇ ಕರಡಿಗೆ ತೆಗೆದು, ಕಣ್ಣು ಮುಚ್ಚಿಕೊಂಡು, ಅಂಗೈಯನ್ನು ನನ್ನ ಕಡೆ ಚಾಚಿದಳು. ನಾನು ಒಂದು ಕರಿಕಲ್ಲು ಆರಿಸಿ, ಹರಳೆಣ್ಣೆ ಮತ್ತು ಕಾಡಿಗೆ ತಿಕ್ಕಿ, ಅವಳ ಕರಡಿಗೆಯಲ್ಲಿ ಇಟ್ಟು ಮುಚ್ಚಿದೆ. ಆಮೇಲೆ ಅವಳ ಕೈ ಹಿಡಿದು ನನ್ನ ತಲೆಯ ಮೇಲಲ್ಲ, ಅವ್ವನ ಹೆಸರಿನ ಮೇಲೆ ಆಣೆ ಮಾಡಿಸಿದೆ. "ಯಾರಿಗಾದ್ರೂ ಬಾಯಿ ಬುಟ್ರೆ ಅವ್ವ ಸತ್ತೋಗ್ತಾಳೆ. ತಿಳೀತಾ?" ಎಂದೆ. ತಲೆ ಆಡಿಸಿದಳು. ಅದೇ ಅವಳು ನನಗೆ ಕೊಟ್ಟ ಕೊನೆಯ ಉತ್ತರ.

ಸಿರಾದವರು ಬಂದರು, ನೋಡಿದರು, ಒಪ್ಪಿದರು. ವರ್ಷ ಕಳೆಯಲಿ ಎಂದು ಹೇಳಿ ಹೋದರು. ಅವ್ವ ನನ್ನ ತಲೆಗೆ ಎಣ್ಣೆ ಒತ್ತುತ್ತಾ, "ನನ್ನ ಮಗಳು ಎಷ್ಟು ಚೆಂದ ಕೂತಿದ್ಲು, ಕಣ್ಣೇ ಮಿಟುಕಿಸ್ಲಿಲ್ಲ" ಎಂದು ಅಜ್ಜಿಗೆ ಹೇಳುತ್ತಿದ್ದಳು. ಮೂರನೇ ದಿನ ಚನ್ನಿ ನನ್ನ ಮುಂದೆ ಬಂದು ನಿಂತು ಅಂಗೈ ಚಾಚಿದಳು. ಮನೆಯಲ್ಲಿ ಯಾರೂ ಇರಲಿಲ್ಲ. ಕೊಡಬಹುದಿತ್ತು. "ನಾಳೆ" ಎಂದು ಆ ಕೈಯನ್ನು ತಳ್ಳಿದೆ. ಮರುದಿನವೂ ಬಂದಳು. ಮತ್ತೆ ತಳ್ಳಿದೆ. ಆಮೇಲೆ ಬರಲಿಲ್ಲ.

ಹೆದರಿ ಹಾಗೆ ಮಾಡಿದೆ ಎಂದು ಎಲ್ಲರೂ ನಂಬಿದ್ದಾರೆ. ಮೊದಲ ದಿನ ಹೆದರಿದ್ದು ನಿಜ. ನಾಲ್ಕನೇ ದಿನಕ್ಕೆ ಹೆದರಿಕೆ ಇರಲಿಲ್ಲ. ಅವಳದು ನನ್ನ ಎದೆಯ ಮೇಲೆ ಇರುವುದು ನನಗೆ ಅಭ್ಯಾಸವಾಗಿಬಿಟ್ಟಿತ್ತು. ಅದನ್ನು ನಾನು ಡಾಕ್ಟರಿಗೂ ಹೇಳಲಿಲ್ಲ.

ಚನ್ನಿ ಊಟ ಬಿಟ್ಟಳು. ಬೆಳಿಗ್ಗೆ ಅಜ್ಜಿಯ ಪಕ್ಕ ಕೂತು ಕರಡಿಗೆ ತೆರೆಯುವಳು, ನೋಡುವಳು, ಮುಚ್ಚುವಳು. ತಟ್ಟೆ ಮುಂದಿಟ್ಟರೆ ಕೈ ಎದೆಗೆ ಹೋಗುತ್ತಿತ್ತು. ಅವ್ವ ತುರುಕಿದ್ದು ಸ್ವಲ್ಪ ಒಳಗೆ ಹೋಗುತ್ತಿತ್ತು, ಅರ್ಧ ವಾಂತಿಯಾಗುತ್ತಿತ್ತು. ಯಾರಾದರೂ ಕರಡಿಗೆಯ ಹತ್ತಿರ ಕೈ ತಂದರೆ ಮೈಯೆಲ್ಲ ಸೆಟೆದು ಬೀಳುವಳು. ಮಾತು ಯಾವ ದಿನ ನಿಂತಿತು ಎಂದು ಮನೆಯಲ್ಲಿ ಯಾರಿಗೂ ಸರಿಯಾಗಿ ನೆನಪಿಲ್ಲ. ನನಗೆ ನೆನಪಿದೆ.

ಪಾವಗಡದ ಕಡೆಯ ಮಂತ್ರದವನೊಬ್ಬ ಬಂದ. ಚನ್ನಿಯ ರೆಪ್ಪೆ ಎತ್ತಿ ನೋಡಿ, "ಇದಿ ಗಾಳಿನೇ ಕಣಮ್ಮಾ. ಕೋಟೆ ಮೇಲಿಂದ ಇಳಿದು ಬಂದೈತೆ. ಭಯಪಡ್ಬೇಡಿ, ನೇನು ಚೂಸ್ಕುಂಟಾನು" ಎಂದ. ತಾನು ನೋಡಿಕೊಳ್ಳುತ್ತೇನೆ ಎಂದು ಅರ್ಥ. ನೋಡಿಕೊಂಡ ರೀತಿ ಇದು: ಅರಿಶಿನದ ಕೊಂಬನ್ನು ದೀಪಕ್ಕೆ ಹಿಡಿದು, ಅದು ಕೆಂಪಗಾದ ಮೇಲೆ ಮಗುವಿನ ಹೊಟ್ಟೆಯ ಮೇಲೆ ಮೂರು ಕಡೆ ಇಟ್ಟ. ಅವಳು ನೋಡಬಾರದು ಎಂದು ಕಣ್ಣಿಗೆ ಬಟ್ಟೆ ಕಟ್ಟಿದ್ದರು. ಅಪ್ಪ ಹೆಗಲು ಹಿಡಿದರು. ಅವ್ವ ಹೊರಗೆ ಓಡಿಹೋದಳು. "ಕಾಲು ಹಿಡ್ಕಳಮ್ಮಾ ಎವರಾದ್ರೂ" ಎಂದ ಅವನು. ಹಿಡಿದವಳು ನಾನು. ಚನ್ನಿ ಕಿರುಚಲಿಲ್ಲ. ಕಾಲಿನ ಬೆರಳುಗಳು ಮಾತ್ರ ನನ್ನ ಅಂಗೈಯೊಳಗೆ ಮಡಿಸಿಕೊಂಡವು. ಹಿಡಿದದ್ದು ಯಾರು ಎಂದು ಅವಳಿಗೆ ತಿಳಿಯದು ಎಂದುಕೊಂಡು ನಾನು ಅವತ್ತು ಊಟ ಮಾಡಿದೆ.

ಗಾಯ ಕೆಟ್ಟಿತು. ಅದಕ್ಕೆ ಮುಲಾಮು ಹಾಕಿಸಲು ಗಾಡಿ ಕಟ್ಟಿಕೊಂಡು ಮಧುಗಿರಿಗೆ ಹೋದಾಗ, ಅಲ್ಲಿನ ಸರ್ಕಾರಿ ಡಾಕ್ಟರು ಗಾಯ ನೋಡಿ ಅಪ್ಪನನ್ನು ಬೈದರು. ಆಮೇಲೆ ಚನ್ನಿಯ ಕಿವಿಯ ಹಿಂದೆ ಚಪ್ಪಾಳೆ ತಟ್ಟಿ, ಗಂಟಲು ನೋಡಿ, "ಕಿವಿ ಕೇಳ್ತದೆ, ನಾಲಿಗೆ ಚೆನ್ನಾಗಿದೆ. ಇದು ಮನಸ್ಸಿನದು" ಎಂದು ಬೆಂಗಳೂರಿಗೆ ಒಂದು ಕಾಗದ ಬರೆದುಕೊಟ್ಟರು. ಮನೆಯಲ್ಲಿರುವವರೆಲ್ಲ ಹೋಗಬೇಕು ಎಂದು ಆ ಕಾಗದದಲ್ಲೇ ಇತ್ತು. ಅಜ್ಜಿಗೆ ವಯಸ್ಸಾಗಿ ಆಗಲಿಲ್ಲ, ನನಗೆ ತಪ್ಪಿಸಿಕೊಳ್ಳಲಾಗಲಿಲ್ಲ. ಊರಲ್ಲಿ ಕೇಳಿದವರಿಗೆ ಕಣ್ಣು ತೋರಿಸಲು ಹೋಗುತ್ತಿದ್ದೇವೆ ಎಂದು ಅಪ್ಪ ಹೇಳಿದರು.

ಯುದ್ಧದ ಕಾಲ. ಇದ್ದಿಲಿನ ಹೊಗೆಯಲ್ಲಿ ಓಡುವ ಬಸ್ಸು ತುಮಕೂರು ಮುಟ್ಟುವಷ್ಟರಲ್ಲಿ ಮೂರು ಸಲ ನಿಂತಿತು. ಅಲ್ಲಿಂದ ರೈಲು. ಚನ್ನಿ ಅವ್ವನ ಮಡಿಲಲ್ಲಿ ಒಂದು ಗಂಟಿನ ಹಾಗೆ ಇದ್ದಳು. ಅವಳ ಮೊಣಕೈ ನನ್ನ ಪಕ್ಕೆಗೆ ಒತ್ತುತ್ತಿತ್ತು, ಬರೀ ಮೂಳೆ.

ಆ ಬೆಂಚಿನ ಮೇಲೆ ಮೊದಲ ದಿನ ನಮ್ಮ ಪಕ್ಕ ಕೂತಿದ್ದ ಹೆಂಗಸು ಎಲೆ ಅಡಿಕೆ ಮಡಿಸುತ್ತಾ ಕೇಳಿದಳು: "ನಿಮ್ಮನೇಲಿ ಯಾರಿಗಣ್ಣ ತಲೆ ಕೆಟ್ಟಿರೋದು?"

"ಯಾರಿಗೂ ಇಲ್ಲ" ಎಂದರು ಅಪ್ಪ.

"ನಮ್ಮನೇಲೂ ಯಾರಿಗೂ ಇರ್ಲಿಲ್ಲ, ಈ ಬೆಂಚಿಗೆ ಬರೋಗಂಟ" ಎಂದು ಅವಳು ನಕ್ಕಳು. ಅವ್ವನೂ ನಕ್ಕಳು. ನಾಲ್ಕು ತಿಂಗಳಲ್ಲಿ ಅವ್ವ ನಕ್ಕಿದ್ದು ಅದೇ ಮೊದಲು. ಸರಪಳಿ, ಕೂಗಾಟ ಎಂದೆಲ್ಲ ಊರಲ್ಲಿ ಹೆದರಿಸಿದ್ದರು. ನಾವಿದ್ದ ಕಡೆ ಅಂಥದ್ದೇನೂ ಕಾಣಲಿಲ್ಲ. ಬಾಗಿಲು ತೆರೆದಾಗಲೆಲ್ಲ ಫಿನಾಯಿಲಿನ ವಾಸನೆ ಬರುತ್ತಿತ್ತು, ಅಷ್ಟೆ. ಸರದಿ ಬರುವವರೆಗೆ ಕಾಯುವುದೇ ದೊಡ್ಡ ಕಷ್ಟ. ನನ್ನ ಪಾಲಿಗೆ ಸರದಿ ಬರುವುದು ಅದಕ್ಕಿಂತ ದೊಡ್ಡ ಕಷ್ಟ.

ಡಾಕ್ಟರು ಇನ್ನೂ ವಯಸ್ಸಾಗದವರು. ಚನ್ನಿಯ ಬಾಯಿ ಬಿಡಿಸಲು ಹೋಗಲಿಲ್ಲ. ನೆಲದ ಮೇಲೆ ಚಾಪೆ ಹಾಸಿ ಅವಳ ಎದುರು ತಾವೂ ಕೂತರು. ಒಂದು ಹಲಗೆಯಲ್ಲಿ ಬೇರೆ ಬೇರೆ ಆಕಾರದ ಗುಂಡಿಗಳಿದ್ದವು. ಅವಕ್ಕೆ ಹೊಂದುವ ಮರದ ಬಿಲ್ಲೆಗಳನ್ನು ಕೊಟ್ಟರು. ಅವಳು ಸರಸರನೆ ಕೂರಿಸಿದಳು. ಚಿತ್ರ ತೋರಿಸಿ ಕೇಳಿದ್ದಕ್ಕೆಲ್ಲ ಬೆರಳು ಇಟ್ಟಳು. "ಬುದ್ಧಿಗೆ ಏನೂ ಆಗಿಲ್ಲಮ್ಮ. ವಯಸ್ಸಿಗಿಂತ ಚುರುಕಾಗಿದ್ದಾಳೆ" ಎಂದು ಅವ್ವನಿಗೆ ಹೇಳಿದರು. ಅವ್ವ ಅವರ ಕಾಲು ಮುಟ್ಟಲು ಹೋದಳು.

ಆಮೇಲೆ ದಿನವೂ ಅವಳಿಗೆ ಜೇಡಿಮಣ್ಣು, ಬಟ್ಟೆಯ ಎರಡು ಬೊಂಬೆ, ಖಾಲಿ ಬೆಂಕಿಪೊಟ್ಟಣ ಇಂಥವನ್ನು ಕೊಟ್ಟು ಆಡಲು ಬಿಡುತ್ತಿದ್ದರು. ಮೂಲೆಯಲ್ಲಿ ಕೂತು ನೋಡುತ್ತಿದ್ದರು. ನಮ್ಮನ್ನು ಒಬ್ಬೊಬ್ಬರನ್ನಾಗಿ ಒಳಗೆ ಕರೆದು ಮಾತಾಡಿಸುತ್ತಿದ್ದರು. ಅಪ್ಪ ಒಳಗೆ ಹೋಗಿ ಬಂದವರು ಕಣ್ಣು ಒರೆಸಿಕೊಂಡರು. ಏನು ಕೇಳಿದರೋ ಹೇಳಲಿಲ್ಲ.

ಎಂಟನೇ ದಿನ ನನ್ನನ್ನು ಕರೆದರು. ಚಾಪೆಯ ಮೇಲೆ ಎರಡು ಬೊಂಬೆಗಳು, ಒಂದು ದೊಡ್ಡದು, ಒಂದು ಚಿಕ್ಕದು. ಎರಡರ ಕುತ್ತಿಗೆಗೂ ದಾರದಲ್ಲಿ ಬೆಂಕಿಪೊಟ್ಟಣ ಕಟ್ಟಿತ್ತು.

"ನಿನ್ನ ತಂಗಿ ದಿನಾ ಇದನ್ನೇ ಮಾಡ್ತಾಳೆ" ಎಂದರು. "ಮಣ್ಣಿಂದ ಒಂದು ಉಂಡೆ ಮಾಡಿ ಚಿಕ್ಕ ಬೊಂಬೆ ಪೆಟ್ಟಿಗೇಲಿ ಇಡ್ತಾಳೆ. ಅದನ್ನ ತೆಗೆದು ದೊಡ್ಡ ಬೊಂಬೆಗೆ ಕೊಡ್ತಾಳೆ. ಆಮೇಲೆ ಚಿಕ್ಕದನ್ನ ಗೋಡೆ ಕಡೆ ತಿರುಗಿಸಿ ಕೂರಿಸ್ತಾಳೆ. ಅದಕ್ಕೆ ಊಟ ಇಡಲ್ಲ. ನಾನು ನಿಮ್ಮ ಜನ ಅಲ್ಲ, ನನಗೆ ತಿಳೀತಿಲ್ಲ. ನಿನಗೆ ಏನಾದ್ರೂ ತಿಳಿಯುತ್ತಾ ರುದ್ರಮ್ಮ?"

ನನ್ನನ್ನು ಅದುವರೆಗೆ ಯಾರೂ ಪೂರ್ತಿ ಹೆಸರಿನಿಂದ ಕರೆದಿರಲಿಲ್ಲ. ಎದೆಯ ಮೇಲೆ ಅವಳ ಲಿಂಗ ಭಾರವಾಗಿತ್ತು. ಸೆರಗನ್ನು ಎಳೆದುಕೊಂಡೆ.

"ಅದು ಆಟ ಸ್ವಾಮಿ. ನಮ್ಮ ಕಡೆ ಹುಡುಗ್ರು ಆಡ್ತಾರೆ."

ಅವರು ನನ್ನನ್ನೇ ನೋಡಿದರು. "ಇವಳು ಇನ್ನೊಂದು ವಾರ ಹೀಗೇ ಇದ್ರೆ ಉಳಿಯಲ್ಲಮ್ಮ. ನಾಳೆಯಿಂದ ಮೂಗಿನ ಮೂಲಕ ನಳಿಕೆ ಇಳಿಸಿ ಹಾಲು ಹಾಕ್ತೀವಿ. ಅದು ಅವಳಿಗೆ ಹಿಂಸೆ. ಬೇರೆ ದಾರಿ ಇದ್ದಿದ್ರೆ ಮಾಡ್ತಿರ್ಲಿಲ್ಲ."

"ಆಟನೇ ಸ್ವಾಮಿ" ಎಂದೆ.

ಮರುದಿನ, ಅದರ ಮರುದಿನ ನಳಿಕೆ ಇಳಿಸಿದರು. ಬಾಗಿಲ ಸಂದಿಯಿಂದ ನೋಡಿದೆ. ಎರಡೂ ಸಲ ಅವಳು ಒಂದು ಕೈಯಲ್ಲಿ ಕರಡಿಗೆಯನ್ನು ಮುಷ್ಟಿ ಕಟ್ಟಿ ಹಿಡಿದಿದ್ದಳು, ಇನ್ನೊಂದು ಕೈಯಿಂದ ನಳಿಕೆ ಕಿತ್ತಳು. ಹನ್ನೊಂದನೇ ದಿನ ನರ್ಸು ಮೇರಿಯಮ್ಮ, ದಾರ ನಳಿಕೆಗೆ ಸುತ್ತಿಕೊಳ್ಳುತ್ತದೆ ಎಂದು, ಅದನ್ನು ಬಿಚ್ಚಲು ಹೋದರು. ಚನ್ನಿ ಸೆಟೆದಳು. ಕರಡಿಗೆ ಜಾರಿ ಸಿಮೆಂಟಿನ ನೆಲಕ್ಕೆ ಬಿದ್ದು ತೆರೆಯಿತು. ಕಲ್ಲು ಉರುಳಿಕೊಂಡು ಬಾಗಿಲವರೆಗೆ ಬಂತು. ಎಣ್ಣೆ ಕಾಡಿಗೆ ಎಲ್ಲ ಸವೆದು ಹೋಗಿ ಅದು ಬರೀ ಕಲ್ಲು ಎಂದು ಕುರುಡರಿಗೂ ಗೊತ್ತಾಗುತ್ತಿತ್ತು.

ಅವ್ವ ಅದನ್ನು ಎತ್ತಿಕೊಂಡಳು. ಮುಖದ ಹತ್ತಿರ ತಂದು ನೋಡಿದಳು. "ಇದೇನು? ಎಲ್ಲಿ? ನನ್ನ ಮಗೂದು ಎಲ್ಲಿ?"

ಅಪ್ಪ ಒಳಗೆ ನುಗ್ಗಿದರು. ಅಷ್ಟು ಮೆತ್ತನೆಯ ಮನುಷ್ಯ ಹಾಗೆ ಕೂಗಿದ್ದನ್ನು ನಾನು ಕಂಡಿರಲಿಲ್ಲ. "ಏನ್ ಮಾಡ್ಬುಟ್ಟೆ ನೀನು? ಬೆಳ್ಳಿ ಅಲ್ಲ ಕಣಮ್ಮ ಅದು, ನಮ್ಮ ಪ್ರಾಣ! ತೆಗೆದು ಕಲ್ಲು ಇಟ್ಟಿದ್ದೀಯಲ್ಲ!"

"ಏಸುವಾಣೆ ನಾನು ಮುಟ್ಟಿಲ್ಲ ಅಣ್ಣ! ಈಗ ಬಿದ್ದಿದ್ದು, ನೀವೇ ನೋಡಿದ್ರಿ!" ಮೇರಿಯಮ್ಮ ಗೋಡೆಗೆ ಒರಗಿ ಅಳತೊಡಗಿದರು. ಹಿಂದಿನ ದಿನ ಅವರೇ ನನಗೆ ತಮ್ಮ ಡಬ್ಬಿಯಿಂದ ಬೆಲ್ಲದ ಅಚ್ಚು ಕೊಟ್ಟಿದ್ದರು. ಜನ ಸೇರಿದರು. ಅಪ್ಪ ದೂರು ಬರೆಸಬೇಕು ಎಂದರು, ಪೊಲೀಸು ಎಂದರು. ಡಾಕ್ಟರು ಬಂದು ಬಾಗಿಲಲ್ಲಿ ನಿಂತರು. ಅವರು ಕಲ್ಲನ್ನಾಗಲೀ ಅಪ್ಪನನ್ನಾಗಲೀ ನೋಡುತ್ತಿರಲಿಲ್ಲ. ಚನ್ನಿಯ ಕಣ್ಣು ಎಲ್ಲಿ ನೆಟ್ಟಿದೆಯೋ ಅಲ್ಲಿ ನೋಡುತ್ತಿದ್ದರು. ಅದು ನನ್ನ ಮೇಲೆ ಇತ್ತು. ಆ ಕಣ್ಣಲ್ಲಿ ದೂರು ಇರಲಿಲ್ಲ. ನಾನು ಎಲ್ಲಿ ಸಿಕ್ಕಿಬೀಳುತ್ತೇನೋ ಎಂಬ ದಿಗಿಲು ಇತ್ತು.

"ಅವರಲ್ಲ" ಎಂದೆ. ಯಾರಿಗೂ ಕೇಳಿಸಲಿಲ್ಲ. ಮತ್ತೆ ಹೇಳಿದೆ.

ಆಮೇಲೆ ಏನೇನು ಹೇಳಿದೆನೋ ಕ್ರಮವಾಗಿ ನೆನಪಿಲ್ಲ. ದೊಣೆ, ಕೊಟ್ಟಿಗೆ, ಕಾಡಿಗೆ, ಬಾವಿ, ಆಣೆ. ಅಪ್ಪನ ಕೈ ಮೇಲೆದ್ದಿತು, ಡಾಕ್ಟರು ತಡೆದರು. ಅವ್ವ ನನ್ನನ್ನು ನೋಡಲೇ ಇಲ್ಲ, ಕಲ್ಲನ್ನೇ ನೋಡುತ್ತಿದ್ದಳು. ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದರು:

"ಆಣೆ ಹಾಕಿದವಳು ನೀನು. ಬಿಡಿಸೋಳೂ ನೀನೇ. ನನ್ನ ಹತ್ತಿರ ಅದಕ್ಕೆ ಔಷಧಿ ಇಲ್ಲ. ಹೋಗು, ಅವಳಿಗೆ ಹೇಳು."

ನಾನು ಲಿಂಗವನ್ನು ತೆಗೆದು ಚನ್ನಿಯ ಎಡ ಅಂಗೈಯಲ್ಲಿ ಇಟ್ಟೆ. "ಆಣೆ ಬಿಡ್ತು ಕಣೇ. ಹೇಳಿದ್ದು ನಾನು, ನೀನಲ್ಲ. ಅವ್ವಂಗೆ ಏನೂ ಆಗಲ್ಲ. ನೋಡು, ಅಲ್ಲೇ ಕೂತವ್ಳೆ."

ಅವಳು ನನ್ನನ್ನು ನಂಬಲಿಲ್ಲ. ಯಾಕೆ ನಂಬಬೇಕು? ಅವ್ವನ ಹತ್ತಿರ ತೆವಳಿಕೊಂಡು ಹೋಗಿ ಅವಳ ಮೂಗಿನ ಕೆಳಗೆ ಬೆರಳು ಹಿಡಿದಳು. ಆಗ ನಮಗೆಲ್ಲ ಅರ್ಥವಾಯಿತು, ನಾಲ್ಕು ತಿಂಗಳಿಂದ ಅವಳು ಏನನ್ನು ಕಾಯುತ್ತಿದ್ದಳು ಎಂದು. ಮಧ್ಯಾಹ್ನವೆಲ್ಲ ಹಾಗೇ ಕೂತಳು. ಅವ್ವ ಉಸಿರಾಡಿದಳು. ಡಾಕ್ಟರು ಹೇಳಿಕೊಟ್ಟಂತೆ ಅವ್ವ ಎದ್ದು ನಡೆದು ತೋರಿಸಿದಳು, ನೀರು ಕುಡಿದು ತೋರಿಸಿದಳು, ಮಲಗಿ ಎದ್ದು ತೋರಿಸಿದಳು. ಯಾರೂ ಆ ಮಗುವನ್ನು ಅವಸರ ಪಡಿಸಲಿಲ್ಲ. ಅವ್ವನ ಮೇಲೆ ಸಾವು ಬರಲಿಲ್ಲ ಎಂದು ಖಾತ್ರಿಯಾಗಲು ಅವಳಿಗೆ ಸಂಜೆಯವರೆಗೆ ಬೇಕಾಯಿತು.

ಹೊತ್ತು ಇಳಿದ ಮೇಲೆ ಕಾಲು ಮಡಿಸಿ ಕೂತು ಪೂಜೆ ಮಾಡಿದಳು. ವಿಭೂತಿ ಇರಲಿಲ್ಲ, ಬರೀ ನೀರು. ಮೇರಿಯಮ್ಮ ರಾಗಿ ಗಂಜಿ ತಂದಿಟ್ಟರು, ಅಳುತ್ತಲೇ. ಚನ್ನಿ ತಾನೇ ಬಟ್ಟಲು ಎತ್ತಿದಳು. ಒಂದು ಗುಟುಕು ನುಂಗಿದಳು. ನಿಲ್ಲಿಸಿದಳು. ನನ್ನ ಕುತ್ತಿಗೆಯಲ್ಲಿ ಖಾಲಿ ತೂಗುತ್ತಿದ್ದ ಕರಡಿಗೆಯನ್ನು ನೋಡಿ, ಎಣ್ಣೆ ಕಾಣದ ರಾಟೆಯಂಥ ದನಿಯಲ್ಲಿ ಕೇಳಿದಳು:

"ಅಕ್ಕ ಉಣ್ಣಂಗಿಲ್ವಾ?"

ನಾಲ್ಕು ತಿಂಗಳಾದ ಮೇಲೆ ಅವಳು ಆಡಿದ ಮೊದಲ ಮಾತು ಅದು. ಅವ್ವ, ನನ್ನ ಕಡೆ ತಿರುಗದೆಯೇ, "ಅವಳೂ ಉಣ್ತಾಳೆ. ನೀನು ಉಣ್ಣವ್ವ" ಎಂದಳು. ಇನ್ನೊಂದು ಬಟ್ಟಲು ನನ್ನ ಕಡೆ ಸರಿಯಿತು. ನಾನು ಗಂಜಿ ಮುಟ್ಟುವವರೆಗೆ ಚನ್ನಿ ಎರಡನೇ ಗುಟುಕು ತೆಗೆದುಕೊಳ್ಳಲಿಲ್ಲ.

ಒಂದೇ ದಿನಕ್ಕೆ ಎಲ್ಲ ಸರಿಹೋಗಲಿಲ್ಲ. ಇನ್ನೂ ಐದು ವಾರ ಅಲ್ಲೇ ಇದ್ದೆವು. ಡಾಕ್ಟರು ನಮ್ಮ ನಾಲ್ವರನ್ನೂ ಒಟ್ಟಿಗೆ ಚಾಪೆಯ ಮೇಲೆ ಕೂರಿಸುತ್ತಿದ್ದರು. ಅಪ್ಪ ನನ್ನ ಜೊತೆ ಮಾತಾಡಲು ಮೂರು ವಾರ ಬೇಕಾಯಿತು. ಚನ್ನಿ ಈಗಲೂ ಕೆಲವು ಅಕ್ಷರಗಳಲ್ಲಿ ತಡವರಿಸುತ್ತಾಳೆ. ಸಿರಾದವರಿಗೆ ಅಪ್ಪನೇ ಎಲ್ಲ ತಿಳಿಸಿದರು. ಅವರು ಬೇರೆ ಕಡೆ ಹೆಣ್ಣು ನೋಡಿದರು.

ಊರಿಗೆ ಬಂದ ಮೇಲೆ ನಮ್ಮ ಮನೆಯ ಅಯ್ನೋರನ್ನು ಕರೆಸಿದೆವು. ಏನು ಶಿಕ್ಷೆ ಹಾಕುತ್ತಾರೋ ಎಂದು ನಾನು ಕಂಬ ಹಿಡಿದು ನಿಂತಿದ್ದೆ. ಆ ಮುದುಕರು ಎಲ್ಲ ಕೇಳಿ ಅಜ್ಜಿಯ ಕಡೆ ತಿರುಗಿದರು. "ಕಳೆದೋದ್ರೆ ಇನ್ನೊಂದು ಕಟ್ಟೋದೈತಲ್ಲ ಕಣಮ್ಮ. ಒಂದು ಮಧ್ಯಾಹ್ನದ ಕೆಲಸ. ಇದನ್ನ ಈ ಮಕ್ಕಳಿಗೆ ಯಾರೂ ಹೇಳಿರ್ಲಿಲ್ವಾ?"

ಅಜ್ಜಿ ಸೆರಗು ಬಾಯಿಗೆ ಒತ್ತಿಕೊಂಡಳು. ಅವತ್ತು ಮಧ್ಯಾಹ್ನ ನನಗೆ ಹೊಸ ಲಿಂಗ ಕಟ್ಟಿದರು. ನಿಜವಾಗಿ ಒಂದೇ ಮಧ್ಯಾಹ್ನದ ಕೆಲಸ.

ಇದನ್ನು ಬರೆಯುವ ಮೊದಲು ಮಿಡಿಗೇಶಿಗೆ ಹೋಗಿ ಚನ್ನಿಯನ್ನು ಕೇಳಿದೆ. ಅವಳಿಗೀಗ ಹದಿಮೂರು. ಹುಣಸೆ ಬೀಜ ಬಿಡಿಸುತ್ತಾ ಕೂತಿದ್ದಳು. ಬರೆಯಲಾ ಎಂದೆ. ಓರಗಿತ್ತಿ ಓದಲಿ, ಮಗನನ್ನು ಕರೆದೊಯ್ಯುವ ಧೈರ್ಯ ಬರಲಿ, ಜೊತೆಗೆ ನಾನೂ ಹೋಗಿ ಆ ಬೆಂಚಿನ ಮೇಲೆ ಕೂರುತ್ತೇನೆ ಎಂದೆ.

"ಬರ್ಕೊಳಕ್ಕ" ಎಂದಳು. ಇನ್ನೊಂದು ಹಣ್ಣಿನ ಬೀಜ ಬಿಡಿಸಿ ಹಾಕಿ, "ಅವತ್ತು ಹೊಟ್ಟೆ ಸುಟ್ಟಾಗ ಕಾಲು ಹಿಡ್ಕೊಂಡಿದ್ದೋಳು ನೀನೇ ಅಂತಾನೂ ಸೇರ್ಸು" ಎಂದಳು.

ಕಣ್ಣಿಗೆ ಬಟ್ಟೆ ಕಟ್ಟಿದ್ದರಲ್ಲ, ಹೇಗೆ ಗೊತ್ತಾಯಿತು ಎಂದು ನಾನು ಕೇಳುವ ಮೊದಲೇ ಅವಳೇ ಹೇಳಿದಳು.

"ನಿನ್ನ ಗಾಜಿನ ಬಳೆ ತಾಗ್ತಿತ್ತು. ಮೈಯೆಲ್ಲ ಉರೀತಿತ್ತು, ಅದೊಂದು ತಣ್ಣಗಿತ್ತು. ಅದನ್ನೇ ಹಿಡ್ಕೊಂಡು ಸುಮ್ಮನಿದ್ದೆ."